ತೋಮನ ಊರಿನಲ್ಲಿ ನನ್ನ ನಂಬಿಕೆ

1994ರಲ್ಲಿ ಬ್ಯಾಂಕಿನವರು ನನ್ನನ್ನು ಮಂಗಳೂರಿನಿಂದ ಮದ್ರಾಸಿಗೆ ವರ್ಗ ಮಾಡಿದಾಗ ನನಗೆ ತಮಿಳು ಬರುತ್ತಿರಲಿಲ್ಲ. ಊರು ಇನ್ನೂ ಚೆನ್ನೈ ಆಗಿರಲಿಲ್ಲ, ಅದಕ್ಕೆ ಇನ್ನೆರಡು ವರ್ಷ ಇತ್ತು. ಮಂದವೇಲಿಯಲ್ಲಿ ಬಾಡಿಗೆ ಮನೆ ಹಿಡಿದು, ಮೊದಲ ಭಾನುವಾರ ಹತ್ತಿರದ ತಮಿಳು ಸಭೆಯ ಆರಾಧನೆಗೆ ಹೋದೆವು. ದಕ್ಷಿಣ ಇಂಡಿಯಾ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿದ್ದೇ ಈ ಊರಿನ ಸೇಂಟ್ ಜಾರ್ಜ್ ಕೆಥಡ್ರಲಿನಲ್ಲಿ, 1947ರ ಸೆಪ್ಟೆಂಬರ್ 27ರಂದು. ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಸಭೆಗಳೂ ಈಗ ಅದರದೇ ಭಾಗ. ಹಾಗಾಗಿ ಎಲ್ಲಿ ಏಳಬೇಕು, ಎಲ್ಲಿ ಕೂರಬೇಕು ಎಂಬುದೆಲ್ಲ ಗೊತ್ತಿತ್ತು. ಮಾತು ಮಾತ್ರ ಗೊತ್ತಿರಲಿಲ್ಲ.

ಅಂದಿನ ಪ್ರಸಂಗದಲ್ಲಿ ಅಯ್ಯನವರು 'ನಂಬಿಕ್ಕೈ' ಎಂಬ ಪದವನ್ನು ಮತ್ತೆ ಮತ್ತೆ ಹೇಳಿದರು. ನಾನು ಹೆಂಡತಿಯ ಕಡೆ ಬಗ್ಗಿ "ನಂಬಿಕೆ ಬಗ್ಗೆ ಹೇಳ್ತಾ ಇದ್ದಾರೆ" ಅಂತ ಪಿಸುಗುಟ್ಟಿದೆ. ಒಂದು ಪದವಾದರೂ ಸಿಕ್ಕಿತಲ್ಲ ಎಂಬ ಸಮಾಧಾನ. ಕೆಲವು ತಿಂಗಳಾದ ಮೇಲೆ, ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ನನ್ನನ್ನು ತಿದ್ದಿದರು. ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಹೇಳುವ ಮೂರು ಸಂಗತಿಗಳು ಕನ್ನಡ ಸತ್ಯವೇದದಲ್ಲಿ ನಂಬಿಕೆ, ನಿರೀಕ್ಷೆ, ಪ್ರೀತಿ. ತಮಿಳಿನಲ್ಲಿ ವಿಸುವಾಸಂ, ನಂಬಿಕ್ಕೈ, ಅನ್ಬು. ಅಂದರೆ ನಮ್ಮ ನಂಬಿಕೆ ಅವರಿಗೆ ವಿಸುವಾಸಂ. ಅವರ ನಂಬಿಕ್ಕೈ ನಮಗೆ ನಿರೀಕ್ಷೆ. ನಾನು ಇಷ್ಟು ದಿನ ಅಯ್ಯನವರು ನಂಬಿಕೆಯ ವಿಷಯ ಹೇಳುತ್ತಿದ್ದಾರೆ ಅಂತ ತಲೆದೂಗಿದಾಗೆಲ್ಲ ಅವರು ನಿರೀಕ್ಷೆಯ ವಿಷಯ ಹೇಳುತ್ತಿದ್ದರು!

ಇದನ್ನು ನಾನು ಊರಿಗೆ ಹೋದಾಗಲೆಲ್ಲ ತಮಾಷೆಯಾಗಿ ಹೇಳಿ ನಗಿಸುತ್ತಿದ್ದೆ. ಹತ್ತು ವರ್ಷ ಅದು ತಮಾಷೆಯೇ ಆಗಿತ್ತು. 2004ರ ಡಿಸೆಂಬರಿನ ನಂತರ ಅದನ್ನು ಹೇಳಿ ನಗಲಿಕ್ಕೆ ನನ್ನಿಂದ ಆಗಲಿಲ್ಲ. ನಾನು ಜೀವಮಾನವಿಡೀ ನಂಬಿಕೆ ಎಂದು ಕರೆದುಕೊಂಡು ಬಂದದ್ದು ನಿಜವಾಗಿ ನಂಬಿಕೆಯೋ, ನನಗೆ ಒಳ್ಳೆಯದೇ ಆಗುತ್ತದೆ ಎಂಬ ಬರೀ ನಿರೀಕ್ಷೆಯೋ ಎಂಬ ಪ್ರಶ್ನೆ ಆಗ ಎದ್ದಿತು. ಅದರ ಕಥೆಯನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ನಮ್ಮದು ಹುಟ್ಟಾ ಕ್ರೈಸ್ತ ಮನೆತನ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1865ರಲ್ಲಿ ಅವರು ಹಂಚಿನ ಕಾರ್ಖಾನೆ ಶುರುಮಾಡಿದರು. ನನ್ನ ಅಜ್ಜ ಅಂಥ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ದೇವರ ವಾಕ್ಯವನ್ನು ನಂಬುವುದು ನಮ್ಮ ಮನೆಯಲ್ಲಿ ಗಂಜಿ ಉಣ್ಣುವಷ್ಟೇ ಸಹಜ. ರಾತ್ರಿ ಊಟಕ್ಕೆ ಮೊದಲು ಚಾಪೆ ಹಾಕಿ ಕೂತು, ಅಮ್ಮ ಸತ್ಯವೇದದಿಂದ ಒಂದು ಅಧ್ಯಾಯ ಓದಿ, ಅಪ್ಪ ಪ್ರಾರ್ಥನೆ ಮಾಡಿದ ಮೇಲೆಯೇ ಬಟ್ಟಲು. ಹೀಗೆ ಬಂದ ನಂಬಿಕೆ ಪಿತ್ರಾರ್ಜಿತ ಆಸ್ತಿಯ ಹಾಗೆ. ಅದನ್ನು ಗಳಿಸಲು ನಾವು ಬೆವರಿಲ್ಲ, ಅದರ ದಾಖಲೆಪತ್ರ ತೆಗೆದು ನೋಡಿದವರೂ ಅಲ್ಲ. ಯಾರೂ ತಕರಾರು ಮಾಡದಿರುವ ತನಕ ಎಲ್ಲ ಸರಿಯಾಗಿಯೇ ಇರುತ್ತದೆ.

2004ರ ಕ್ರಿಸ್ಮಸ್ಸಿಗೆ ನನ್ನ ಅಕ್ಕನ ಸಂಸಾರ ಚೆನ್ನೈಗೆ ಬಂದಿತ್ತು. ಮರುದಿನ ಭಾನುವಾರ. ಬೆಳಿಗ್ಗೆ ಬೇಗ ಮಕ್ಕಳನ್ನು ಮರೀನಾ ಕಡಲತೀರಕ್ಕೆ ಕರೆದುಕೊಂಡು ಹೋಗಿ, ಅಲ್ಲಿಂದ ಬಂದು ಆರಾಧನೆಗೆ ಹೋಗುವುದೆಂದು ಮಾತಾಗಿತ್ತು. ಆರೂವರೆಯ ಹೊತ್ತಿಗೆ ಕಪಾಟಿನ ಪಾತ್ರೆಗಳು ಸ್ವಲ್ಪ ಅಲ್ಲಾಡಿದ ಹಾಗಾಯಿತು. ಎದುರು ರಸ್ತೆಯಲ್ಲಿ ಲಾರಿ ಹೋಯಿತೇನೋ ಅಂದುಕೊಂಡೆವು. ಹೊರಡುವಷ್ಟರಲ್ಲಿ ಅಕ್ಕನ ಸಣ್ಣ ಮಗನಿಗೆ ಮೈ ಬಿಸಿ. ಅವನನ್ನು ಬಿಟ್ಟು ಹೋಗುವ ಹಾಗಿಲ್ಲ, ಕರೆದುಕೊಂಡು ಹೋಗುವ ಹಾಗೂ ಇಲ್ಲ. ಮಕ್ಕಳು ಮುಖ ಊದಿಸಿಕೊಂಡರು, ನಾವು ಮನೆಯಲ್ಲೇ ಉಳಿದೆವು. ಒಂಬತ್ತು ಗಂಟೆಯ ಸುಮಾರಿಗೆ ಸಮುದ್ರ ಮೇಲೆ ಬಂತು. ಸುನಾಮಿ ಎಂಬ ಪದವನ್ನು ನಾವೆಲ್ಲ ಮೊದಲು ಕೇಳಿದ್ದು ಅಂದೇ.

ಆಮೇಲಿನದು ನಿಮಗೆಲ್ಲ ಗೊತ್ತು. ಬೆಳಗಿನ ನಡಿಗೆಗೆ ಬಂದವರು, ಮರಳಿನಲ್ಲಿ ಕ್ರಿಕೆಟ್ ಆಡುತ್ತಿದ್ದ ಹುಡುಗರು, ಮೀನುಗಾರರ ಕುಪ್ಪಂಗಳ ಗುಡಿಸಲುಗಳಲ್ಲಿ ಇದ್ದವರು ನೀರಿಗೆ ಸಿಕ್ಕಿದರು. ಚೆನ್ನೈಗಿಂತ ಕೆಳಗೆ, ನಾಗಪಟ್ಟಣ ಜಿಲ್ಲೆಯೊಂದರಲ್ಲೇ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು.

ಐದು ದಿನ ಕಳೆದು ವರ್ಷದ ಕೊನೆಯ ರಾತ್ರಿಯ ಆರಾಧನೆ. ಆ ರಾತ್ರಿ ಸಭೆಯವರು ಎದ್ದು ನಿಂತು ವರ್ಷದಲ್ಲಿ ದೇವರು ಮಾಡಿದ ಉಪಕಾರಗಳಿಗೆ ಸಾಕ್ಷಿ ಹೇಳುವ ರೂಢಿ ಇದೆ. ಹನ್ನೆರಡು ಹೊಡೆದ ಮೇಲೆ ಒಬ್ಬೊಬ್ಬರಿಗೂ ಒಂದು ಸಣ್ಣ ಕಾರ್ಡು ಕೊಡುತ್ತಾರೆ. ಅದರಲ್ಲಿ ಹೊಸ ವರ್ಷಕ್ಕಾಗಿ ಒಂದು ವಾಕ್ಯ ಅಚ್ಚಾಗಿರುತ್ತದೆ. ತಮಿಳಿನಲ್ಲಿ ಅದಕ್ಕೆ ವಾಕ್ಕುತ್ತತ್ತಂ ಅನ್ನುತ್ತಾರೆ, ನಮ್ಮ ಭಾಷೆಯಲ್ಲಿ ವಾಗ್ದಾನ. ಜನ ಅದನ್ನು ವರ್ಷವಿಡೀ ಪರ್ಸಿನಲ್ಲಿಟ್ಟುಕೊಳ್ಳುತ್ತಾರೆ, ಕನ್ನಡಿಯ ಮೂಲೆಗೆ ಸಿಕ್ಕಿಸುತ್ತಾರೆ.

ಆ ರಾತ್ರಿ ನಾನೂ ಎದ್ದು ನಿಂತೆ. ಅಷ್ಟರಲ್ಲಿ ನನ್ನ ತಮಿಳು ಸುಧಾರಿಸಿತ್ತು. ನಾವು ಹೋಗಬೇಕಿದ್ದದ್ದು, ಮಗುವಿಗೆ ಜ್ವರ ಬಂದದ್ದು, ಉಳಿದದ್ದು ಎಲ್ಲ ಹೇಳಿದೆ. ಸುತ್ತ ಎಷ್ಟು ಜನ ಬಿದ್ದರೂ ದೇವರ ಆಶ್ರಯದಲ್ಲಿರುವವನಿಗೆ ಕೇಡು ತಟ್ಟುವುದಿಲ್ಲ ಎಂಬ ಅರ್ಥದ 91ನೆಯ ಕೀರ್ತನೆಯನ್ನು ಎತ್ತಿಕೊಂಡು, ದೇವರು ತನ್ನ ವಾಕ್ಯದಂತೆ ನಮ್ಮ ಎರಡು ಸಂಸಾರಗಳನ್ನು ಕಾಪಾಡಿದನು ಎಂದೆ. ಹಲವರು ಕಣ್ಣೊರೆಸಿಕೊಂಡರು. ಹೊರಗೆ ಬಂದ ಮೇಲೆ ಕೈಕುಲುಕಿದರು. ಸುಳ್ಳು ಹೇಳುವುದಿಲ್ಲ, ನನಗೂ ಒಂದು ಹೆಮ್ಮೆಯಾಯಿತು.

ನಮಗೆ ಮೀನು ಕೊಡುತ್ತಿದ್ದ ಹೆಂಗಸೊಬ್ಬಳಿದ್ದಳು. ಸಾಂತೋಮ್ ಹತ್ತಿರದ ಒಂದು ಕುಪ್ಪದವಳು, ಕೆಥೋಲಿಕ್ ಕ್ರೈಸ್ತಳು. ವಾರಕ್ಕೆ ಮೂರು ದಿನ ತಲೆಯ ಮೇಲೆ ಬುಟ್ಟಿ ಹೊತ್ತು ನಮ್ಮ ಬೀದಿಗೆ ಬರುತ್ತಿದ್ದಳು. ಸುನಾಮಿ ಆದ ಮೇಲೆ ಬಹಳ ದಿನ ಬರಲಿಲ್ಲ. ಬಂದರೂ ಮೀನು ಕೊಳ್ಳುವವರು ಇರಲಿಲ್ಲ ಅನ್ನಿ. ಸಮುದ್ರಕ್ಕೆ ಹೋದ ಹೆಣಗಳ ನೆನಪಿನಲ್ಲಿ ಜನ ಮೀನು ತಿನ್ನುವುದನ್ನೇ ಬಿಟ್ಟಿದ್ದರು. ಫೆಬ್ರವರಿಯ ಒಂದು ಬೆಳಿಗ್ಗೆ ಗೇಟಿನ ಹತ್ತಿರ ಅವಳ ದನಿ ಕೇಳಿಸಿತು. ಹೋದೆ. ಹೇಗಿದ್ದೀಯಮ್ಮಾ ಅಂತ ಕೇಳುವ ಬದಲು, ಏನು ಬುದ್ಧಿಯೋ, ನಾನು ನಮ್ಮ ಕಥೆಯನ್ನೇ ಶುರುಮಾಡಿದೆ. ನಾವೂ ಅಂದು ಅಲ್ಲಿಗೇ ಬರುವವರಿದ್ದೆವು, ದೇವರು ತಪ್ಪಿಸಿದ ಎಂದೆ. ಸಭೆಯಲ್ಲಿ ಹೇಳಿ ಹೇಳಿ ಅದು ಬಾಯಿಪಾಠವಾಗಿತ್ತು.

ಅವಳು ಪೂರ್ತಿ ಕೇಳಿಸಿಕೊಂಡಳು. "ದೇವರು ದೊಡ್ಡವನು ಸಾರ್" ಅಂದಳು. ಮೀನು ತೂಗಿ ಕಾಗದದಲ್ಲಿ ಸುತ್ತುತ್ತಾ, ತಲೆ ಎತ್ತದೆ ಹೇಳಿದಳು: "ನನ್ನ ಮೊಮ್ಮಗ ಹೋದ. ಏಳು ವರ್ಷ. ಅವನ ಕುತ್ತಿಗೆಯಲ್ಲೂ ಶಿಲುಬೆ ಇತ್ತು ಸಾರ್." ಚಿಲ್ಲರೆ ಎಣಿಸಿ ಕೊಟ್ಟು, ಬುಟ್ಟಿ ಎತ್ತಿಕೊಂಡು ಹೋದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ವಾದ ಇರಲಿಲ್ಲ. ಇದ್ದಿದ್ದರೆ ನನಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

ಬ್ಯಾಂಕಿನಲ್ಲಿ ಸಸ್ಪೆನ್ಸ್ ಖಾತೆ ಅಂತ ಒಂದಿದೆ. ಯಾವ ಲೆಕ್ಕಕ್ಕೆ ಸೇರಿಸಬೇಕೆಂದು ತಿಳಿಯದ ಮೊತ್ತವನ್ನು, ತಿಳಿಯುವ ತನಕ ಅದರಲ್ಲಿ ಇಟ್ಟಿರುತ್ತಾರೆ. ಕಂಪ್ಯೂಟರ್ ಬರುವ ಮೊದಲು ಲೆಡ್ಜರುಗಳನ್ನು ಕೈಯಲ್ಲಿ ತಾಳೆ ಹಾಕುತ್ತಿದ್ದ ಕಾಲದಲ್ಲಿ, ರಾತ್ರಿ ಎಂಟಾದರೂ ಲೆಕ್ಕ ಕೂಡಿಬರದಿದ್ದಾಗ ಕೆಲವರಿಗೆ ಒಂದು ದುರ್ಬುದ್ಧಿ ಬರುತ್ತಿತ್ತು. ಎಲ್ಲಾದರೂ ಒಂದು ಕಡೆ ವ್ಯತ್ಯಾಸದ ಮೊತ್ತವನ್ನು ತುರುಕಿ ಲೆಕ್ಕ ಸರಿಮಾಡಿ ಮನೆಗೆ ಹೋಗುವುದು. ಕಾಗದದ ಮೇಲೆ ಲೆಕ್ಕ ಸರಿ, ಒಳಗೆ ಸುಳ್ಳು. ನನಗೆ ಕೆಲಸ ಕಲಿಸಿದ ಹಿರಿಯ ಅಧಿಕಾರಿಯೊಬ್ಬರು ಹೇಳುತ್ತಿದ್ದರು, ಕೂಡದ ಲೆಕ್ಕ ನಾಚಿಕೆಯಲ್ಲ, ಕೂಡಿಸಿದ ಲೆಕ್ಕ ನಾಚಿಕೆ ಅಂತ.

ಆ ಹೆಂಗಸಿನ ಮಾತು ನನ್ನ ಸಸ್ಪೆನ್ಸ್ ಖಾತೆಗೆ ಹೋಗಿ ಕೂತಿತು. ಅದನ್ನು ಯಾವುದಾದರೂ ಲೆಕ್ಕಕ್ಕೆ ತುರುಕಲು ನಾನು ಪ್ರಯತ್ನ ಮಾಡಲಿಲ್ಲ ಎಂದಲ್ಲ. ಅವಳ ನಂಬಿಕೆ ನಮ್ಮದರ ಹಾಗಲ್ಲವೇನೋ ಅಂತ ಒಮ್ಮೆ ಮನಸ್ಸಿಗೆ ಬಂತು. ಹಾಗೆ ಅಂದುಕೊಂಡದ್ದಕ್ಕೆ ಈಗಲೂ ಮುಖ ಬಿಸಿಯಾಗುತ್ತದೆ. ಏಳು ವರ್ಷದ ಮಗುವಿನ ನಂಬಿಕೆಗೆ ನಾನು ಯಾವ ಆಡಿಟರ್?

ಆಗ ಊರಲ್ಲೆಲ್ಲ ಇನ್ನೊಂದು ಸುದ್ದಿ ಹರಡಿತ್ತು. ಸಾಂತೋಮ್ ಬೆಸಿಲಿಕಾ ಇರುವುದು ಸಮುದ್ರಕ್ಕೆ ಅಂಟಿಕೊಂಡೇ. ಅದರ ಹಿಂದೆ ಒಂದು ಮರದ ಕಂಬ ಇದೆ. ಯೇಸುವಿನ ಶಿಷ್ಯ ತೋಮನೇ ಅದನ್ನು ನೆಟ್ಟು, ಸಮುದ್ರ ಇದನ್ನು ದಾಟಿ ಬಾರದು ಎಂದು ಹೇಳಿದ್ದನೆಂದು ಐತಿಹ್ಯ. ಸುನಾಮಿಯ ನೀರು ದೇವಾಲಯದೊಳಗೆ ಬರಲಿಲ್ಲ. ತೋಮನ ಕಂಬ ತಡೆಯಿತು ಎಂದು ಪತ್ರಿಕೆಗಳಲ್ಲೂ ಬಂತು. ನೀರು ಬಾರದ್ದು ನಿಜ. ಮನೆ ಕಳೆದುಕೊಂಡ ಕುಪ್ಪದ ಜನ ಆ ದೇವಾಲಯದ ಆವರಣದಲ್ಲಿ ಆಶ್ರಯ ಪಡೆದದ್ದೂ ನಿಜ. ಆದರೆ ಅದೇ ಬೆಳಿಗ್ಗೆ ವೇಲಂಕಣ್ಣಿಯಲ್ಲಿ ಏನಾಯಿತು? ಕ್ರಿಸ್ಮಸ್ಸಿಗೆ ಮಾತೆಯ ದರ್ಶನಕ್ಕೆಂದು ದೂರದೂರದಿಂದ ಬಂದಿದ್ದ ಯಾತ್ರಿಕರು ನೂರಾರು ಮಂದಿ ಆ ಕಡಲತೀರದಲ್ಲೇ ಕೊಚ್ಚಿಹೋದರು. ಅಲ್ಲೂ ನೀರು ದೇವಾಲಯದ ಒಳಗೆ ಹೋಗಲಿಲ್ಲ. ಕಟ್ಟಡ ಉಳಿಯಿತು, ಅದನ್ನು ನಂಬಿ ಬಂದವರು ಉಳಿಯಲಿಲ್ಲ. ಸಾಂತೋಮ್‌ನದನ್ನು ದೇವರ ಖಾತೆಗೆ ಜಮೆ ಮಾಡಿದರೆ, ವೇಲಂಕಣ್ಣಿಯದನ್ನು ಯಾರ ಖಾತೆಗೆ ಬರೆಯುವುದು? ಒಂದೇ ದಿನದ ಲೆಕ್ಕದಲ್ಲಿ ಜಮೆಯನ್ನು ಮಾತ್ರ ಬರೆದು ಖರ್ಚನ್ನು ಬಿಡುವ ಗುಮಾಸ್ತನನ್ನು ಯಾವ ಮ್ಯಾನೇಜರೂ ಇಟ್ಟುಕೊಳ್ಳುವುದಿಲ್ಲ. ನನ್ನ ಸಾಕ್ಷಿ ಸರಿಯಾಗಿ ಹಾಗೇ ಇತ್ತು.

2005ರ ಈಸ್ಟರಿಗೆ ಮಂಗಳೂರಿಗೆ ಹೋದಾಗ ಅಮ್ಮನ ಹತ್ತಿರ ಹೇಳಿದೆ. ಅಮ್ಮನಿಗೆ ಆಗ ಎಪ್ಪತ್ತು ದಾಟಿತ್ತು. ದೈವಜ್ಞಾನವನ್ನು ಶಾಲೆಯಲ್ಲಿ ಕಲಿತವರಲ್ಲ, ಎಂಟನೇ ಕ್ಲಾಸಿನವರೆಗೆ ಓದಿದವರು. ಕಣ್ಣಿಗೆ ಹತ್ತಿರ ಹಿಡಿದು ಸತ್ಯವೇದ ಓದುತ್ತಿದ್ದರು. ನನ್ನ ಮಾತು ಮುಗಿಯುವ ತನಕ ಸುಮ್ಮನಿದ್ದು, ಕೇಳಿದರು:

"ನೀನು ದೇವರನ್ನು ನಂಬಿದ್ದಾ ಮಗಾ, ಅಲ್ಲ ನೀರು ಬಾರದ್ದನ್ನು ನಂಬಿದ್ದಾ?"

ನಾನು ಮಾತಾಡಲಿಲ್ಲ. ಅವರು ಸತ್ಯವೇದದ ಮೊದಲ ಖಾಲಿ ಹಾಳೆ ತೆಗೆದರು. ನಮ್ಮ ಕಡೆಯ ಮನೆಗಳಲ್ಲಿ ಜನನ, ಮರಣ, ಮದುವೆಗಳನ್ನು ಅಲ್ಲಿ ಬರೆದಿಡುವ ಪದ್ಧತಿ. ನನ್ನ ಹುಟ್ಟಿದ ತಾರೀಕಿನ ಮೇಲೆ ನನ್ನ ಅಣ್ಣನದಿತ್ತು. ಹುಟ್ಟಿದ್ದು, ಅದರ ಪಕ್ಕದಲ್ಲೇ ಹೋದದ್ದು. ನಾಲ್ಕು ವರ್ಷಕ್ಕೆ ವಿಷಮಶೀತ ಜ್ವರದಲ್ಲಿ ಹೋದ ಅವನನ್ನು ನಾನು ಕಂಡವನಲ್ಲ. ಎರಡೂ ಅಪ್ಪನ ಅಕ್ಷರ, ಅದೇ ನೀಲಿ ಶಾಯಿ. "ಅವನಿಗೂ ಪ್ರಾರ್ಥನೆ ಮಾಡಿದ್ದೆವು" ಅಂದರು ಅಮ್ಮ. "ನಿನಗೆ ಮಾಡಿದ್ದಕ್ಕಿಂತ ಹೆಚ್ಚೇ ಮಾಡಿದ್ದೆವು." ಸ್ವಲ್ಪ ಹೊತ್ತು ಬಿಟ್ಟು, "ಆ ಹೆಂಗಸಿನ ಮನೆಗೆ ಹೋಗಿ ಬಂದ್ಯಾ?" ಎಂದು ಕೇಳಿದರು.

ಇಲ್ಲ ಎಂದೆ.

"ಮತ್ತೆಂತ ಪ್ರಾರ್ಥನೆ ಮಾಡುದು ನೀನು? ಮೊದಲು ಹೋಗಿ ಕೂತ್ಕೊಂಡು ಬಾ. ಮಾತಾಡ್ಬೇಕು ಅಂತ ಇಲ್ಲ."

ಅದರ ನಂತರ ನಾನು ಸತ್ಯವೇದವನ್ನು ಬೇರೆ ರೀತಿಯಲ್ಲಿ ಓದಲು ಶುರುಮಾಡಿದೆ. ಅದುವರೆಗೆ ನನಗೆ ಬೇಕಾದ ವಾಕ್ಯಗಳಿಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೆ. ಈಗ ಗೆರೆ ಎಳೆಯದಿದ್ದ ಕಡೆಗಳನ್ನು ಓದಿದೆ. ಮೊದಲು ಬೆಚ್ಚಿಬಿದ್ದದ್ದು ಮತ್ತಾಯನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ. ಚಿಕ್ಕಂದಿನಿಂದ ಕೇಳಿದ ಕಥೆಯೇ. ಸೈತಾನನು ಯೇಸುವನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ ಕೆಳಗೆ ಹಾರು ಅನ್ನುತ್ತಾನೆ. ದೇವದೂತರು ನಿನ್ನನ್ನು ಕಾಯುತ್ತಾರೆಂದು ಬರೆದಿದೆಯಲ್ಲ ಎಂದು ವಾಕ್ಯವನ್ನೇ ತೋರಿಸುತ್ತಾನೆ. ಅವನು ತೋರಿಸುವ ಆ ವಾಕ್ಯ ಯಾವುದು? 91ನೆಯ ಕೀರ್ತನೆ. ನಾನು ಸಭೆಯಲ್ಲಿ ಎದ್ದು ಹೇಳಿದ್ದು ಅದೇ ಕೀರ್ತನೆ. ದೇವರ ವಾಕ್ಯ ಸತ್ಯವೇ, ಆದರೆ ಅದನ್ನು ಹಿಡಿಯುವ ಕೈ ಯಾವುದು, ಯಾವ ಉದ್ದೇಶಕ್ಕೆ ಎಂಬುದರ ಮೇಲೆ ಎಲ್ಲವೂ ನಿಂತಿದೆ ಎಂದು ನನಗೆ ಆ ದಿನ ಹೊಳೆಯಿತು. ಯೇಸು ಆ ವಾಕ್ಯವನ್ನು ಸುಳ್ಳೆನ್ನಲಿಲ್ಲ. ಅದನ್ನು ವಿಮಾ ಪಾಲಿಸಿಯಂತೆ ಮುಂದೊಡ್ಡಿ ದೇವರಿಂದ ವಸೂಲಿ ಮಾಡಲು ಮಾತ್ರ ಒಪ್ಪಲಿಲ್ಲ.

ದಾನಿಯೇಲನ ಪುಸ್ತಕದ ಮೂವರು ಯುವಕರು ಇನ್ನೂ ಮುಂದೆ ಹೋಗುತ್ತಾರೆ. ಬೆಂಕಿಯ ಆವಿಗೆಯ ಮುಂದೆ ನಿಂತು ಅರಸನಿಗೆ, ನಮ್ಮ ದೇವರು ನಮ್ಮನ್ನು ಬಿಡಿಸಬಲ್ಲ, ಬಿಡಿಸದೆ ಹೋದರೂ ನಿನ್ನ ಬೊಂಬೆಗೆ ಅಡ್ಡಬೀಳೆವು ಎಂಬ ಅರ್ಥದ ಉತ್ತರ ಕೊಡುತ್ತಾರೆ. ಆ 'ಬಿಡಿಸದೆ ಹೋದರೂ' ಎಂಬಲ್ಲಿ ನಿರೀಕ್ಷೆ ಮುಗಿದು ನಂಬಿಕೆ ಶುರುವಾಗುತ್ತದೆ. ಪಕ್ಕದ ಮನೆಯ ಮೇಷ್ಟ್ರು ತಿದ್ದಿದ್ದು ಬರೀ ನನ್ನ ತಮಿಳನ್ನು ಎಂದುಕೊಂಡಿದ್ದೆ. ಅಂದು ಅವರು ಹೇಳಿದ್ದರ ಅರ್ಥ ಇಷ್ಟು ದೂರ ಬರುತ್ತದೆಂದು ಅವರಿಗೂ ಗೊತ್ತಿರಲಿಕ್ಕಿಲ್ಲ.

ಪೌಲನು ಕೊರಿಂಥದವರಿಗೆ, ನೀವು ನಂಬಿಕೆಯಲ್ಲಿ ಇದ್ದೀರೋ ಎಂದು ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ ಎಂಬ ಬುದ್ಧಿಮಾತನ್ನು ಬರೆಯುತ್ತಾನೆ. ನಾವು ಮಾಡುವುದು ಉಲ್ಟಾ. ಅವರ ಸಭೆ ಸರಿಯೇ, ಇವರ ದೀಕ್ಷಾಸ್ನಾನ ಸರಿಯೇ, ಪಕ್ಕದವನಿಗೆ ನಿಜವಾದ ನಂಬಿಕೆ ಇದೆಯೇ ಎಂದು ಪರೀಕ್ಷೆ ಮಾಡುತ್ತ ಇರುತ್ತೇವೆ. ಬೆರೋಯದ ಜನರ ವಿಷಯವೂ ಅಪೊಸ್ತಲರ ಕೃತ್ಯಗಳಲ್ಲಿ ಬರುತ್ತದೆ. ಪೌಲನು ಹೇಳಿದ್ದು ಹೌದೋ ಅಲ್ಲವೋ ಎಂದು ಅವರು ದಿನಾಲೂ ಶಾಸ್ತ್ರ ತೆಗೆದು ನೋಡುತ್ತಿದ್ದರು. ಅದಕ್ಕಾಗಿ ಅವರನ್ನು ಗದರಿಲ್ಲ, ಹೊಗಳಿದೆ.

ನಮ್ಮ ಕನ್ನಡ ಸತ್ಯವೇದದ ಕಥೆಯೂ ಹಾಗೆಯೇ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ, ಕನ್ನಡ ಕಲಿತು, 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದರು. ಇಪ್ಪತ್ತು ವರ್ಷದ ಕೆಲಸ. ಅದು ಆಯಿತಲ್ಲ ಎಂದು ಯಾರೂ ಕೈಕಟ್ಟಿ ಕೂರಲಿಲ್ಲ. ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ಅದನ್ನು ಮತ್ತೆ ತಿದ್ದಲು ಕೂತರು. ಅವರ ಮೇಲೆ ಇನ್ನೂ ಹಲವರು ತಿದ್ದಿದರು. ತಿದ್ದಿದವರು ಯಾರೂ ದೇವರ ವಾಕ್ಯದ ಮೇಲೆ ಅಪನಂಬಿಕೆ ಇದ್ದವರಲ್ಲ. ನಂಬಿದ್ದರಿಂದಲೇ, ತಮ್ಮ ಕೈಯ ಪದ ಅದಕ್ಕೆ ತಕ್ಕದ್ದೋ ಎಂದು ಒಂದೊಂದನ್ನೂ ಒರೆಗೆ ಹಚ್ಚಿದರು. ವಾಕ್ಯವನ್ನು ತಲುಪಿಸುವ ಮಾತನ್ನೇ ಅಷ್ಟು ಸಲ ಪರೀಕ್ಷೆ ಮಾಡಿದ ಮೇಲೆ, ಅದನ್ನು ಹೊತ್ತು ತಿರುಗುವ ನನ್ನಂಥವನ ಮನಸ್ಸನ್ನು ಒಮ್ಮೆಯಾದರೂ ಪರೀಕ್ಷೆ ಮಾಡಬೇಡವೇ?

ಚೆನ್ನೈಗೆ ವಾಪಸು ಬಂದ ಮೇಲೆ, ಒಂದು ಸಂಜೆ ನಾನೂ ಹೆಂಡತಿಯೂ ಆ ಹೆಂಗಸಿನ ಮನೆಗೆ ಹೋದೆವು. ಮನೆ ಅಂದರೆ ತಾತ್ಕಾಲಿಕ ಶೆಡ್ಡು. ಗೋಡೆಗೆ ಮಾತೆಯ ಪಟ, ಪಕ್ಕದಲ್ಲಿ ಶಾಲೆಯ ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ ಹುಡುಗನ ಫೋಟೋ. ಕಲರ್ ಸೋಡಾ ತರಿಸಿ ಕೊಟ್ಟಳು. ಅಮ್ಮ ಹೇಳಿದ್ದ ಹಾಗೆ ನಾನು ಮಾತಾಡಲಿಲ್ಲ. ಅವಳೇ ಮಾತಾಡಿದಳು. ಹುಡುಗ ಎಡಗೈಯಲ್ಲಿ ಬ್ಯಾಟ್ ಹಿಡಿಯುತ್ತಿದ್ದನಂತೆ. ಹೊರಡುವಾಗ ನಮಗಾಗಿ ಪ್ರಾರ್ಥನೆ ಮಾಡು ಸಾರ್ ಎಂದಳು. ನನಗೆ ಬಂದದ್ದು ಎರಡೇ ಮಾತು, ಅದೂ ಕನ್ನಡದಲ್ಲಿ. ಅವಳು ಆಮೆನ್ ಅಂದಳು.

ಆ ವರ್ಷದ ಕೊನೆಯ ರಾತ್ರಿ ಸಭೆಯಲ್ಲಿ ಮತ್ತೆ ಎದ್ದೆ. ಕಳೆದ ವರ್ಷ ನಾನು ಹೇಳಿದ ಸಾಕ್ಷಿ ಸುಳ್ಳಲ್ಲ, ಅರ್ಧ ಲೆಕ್ಕ ಎಂದೆ. ನಾವು ಉಳಿದದ್ದಕ್ಕೆ ದೇವರಿಗೆ ಸ್ತೋತ್ರ. ಉಳಿಯದವರೂ ಅವನನ್ನು ನಂಬಿದವರೇ. ಅವರು ಯಾಕೆ ಹೋದರು, ನಾವು ಯಾಕೆ ಉಳಿದೆವು ಎಂದು ನನಗೆ ತಿಳಿಯದು. ತಿಳಿದವನ ಹಾಗೆ ಮಾತಾಡಿದ್ದಕ್ಕೆ ಕ್ಷಮೆ ಕೇಳುತ್ತೇನೆ ಎಂದೆ. ಈ ಸಲ ಯಾರೂ ಕಣ್ಣೊರೆಸಿಕೊಳ್ಳಲಿಲ್ಲ. ಹೊರಗೆ ಹಿರಿಯರೊಬ್ಬರು ಬೇಸರದಿಂದಲೇ ಹೇಳಿದರು: "ನಿಮ್ಮ ಸಂಶಯ ನಿಮ್ಮ ಮನೆಯಲ್ಲಿರಲಿ. ಸಭೆಯಲ್ಲಿ ಹೇಳಿದರೆ ಬಲಹೀನರು ಜಾರಿಬೀಳುತ್ತಾರೆ."

ಅವರ ಮಾತನ್ನು ಹಗುರವಾಗಿ ತಳ್ಳಿಹಾಕಲು ಬರುವುದಿಲ್ಲ. ಕಷ್ಟದಲ್ಲಿರುವವನಿಗೆ ಒಂದು ವಾಕ್ಯವೇ ಊರುಗೋಲಾಗಿರಬಹುದು. ನಾನು ಹೋಗಿ ಅದನ್ನು ಅಲ್ಲಾಡಿಸಿ ನೋಡುವುದು ಪುಣ್ಯದ ಕೆಲಸವಲ್ಲ. ಪರೀಕ್ಷೆ ಅನ್ನುವುದೂ ಒಂದು ಜಂಭವಾಗಬಹುದು. ಆದರೆ ಆ ರಾತ್ರಿ ಜಾರಿಬಿದ್ದಿದ್ದ ಬಲಹೀನಳು ಯಾರು? ನನ್ನ ಗೇಟಿನ ಮುಂದೆ ನಿಂತು ನನ್ನ ಗಟ್ಟಿ ನಂಬಿಕೆಯ ಕಥೆ ಕೇಳಿದವಳು. ಅವಳನ್ನು ನೋಯಿಸಿದ್ದು ನನ್ನ ಸಂಶಯವಲ್ಲ, ಪರೀಕ್ಷೆಗೆ ಒಳಗಾಗದ ನನ್ನ ಭರವಸೆ. ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಎರಡು ಕೀಲಿಕೈ, ಇಬ್ಬರು ಅಧಿಕಾರಿಗಳ ಹತ್ತಿರ. ಒಬ್ಬನೇ ಹೋದರೆ ಬಾಗಿಲು ತೆರೆಯದು. ಅದು ಅಪನಂಬಿಕೆಯ ಏರ್ಪಾಡು ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಒಳಗಿದ್ದವರಿಗೆ ಗೊತ್ತು, ಆ ಎರಡು ಕೀಲಿಕೈಯಿಂದಲೇ ಇಬ್ಬರೂ ರಾತ್ರಿ ನೆಮ್ಮದಿಯಾಗಿ ಮಲಗುವುದು. ನಂಬುವುದು ಒಂದು ಕೀಲಿ, ಪರೀಕ್ಷಿಸಿಕೊಳ್ಳುವುದು ಇನ್ನೊಂದು. ಹಿರಿಯರಿಗೆ ನಾನು ಹೀಗೇ ಹೇಳಿದೆ. ಅವರು ಒಪ್ಪಲಿಲ್ಲ. ಆದರೂ ಕೊನೆಯ ತನಕ ನಮ್ಮಿಬ್ಬರ ನಡುವೆ ಒಳ್ಳೆಯ ವಿಶ್ವಾಸವಿತ್ತು. ಈ ಪದ ನೋಡಿ, ಕನ್ನಡದಲ್ಲಿ ಇದಕ್ಕೆ ಸ್ನೇಹ ಎಂಬ ಅರ್ಥವೂ ಇದೆ. ದೇವರ ವಿಷಯದಲ್ಲೂ ಈ ಅರ್ಥ ಸಲ್ಲುತ್ತದೆ ಎಂದು ನನಗೀಗ ತೋರುತ್ತದೆ. ಲೆಕ್ಕ ಬಗೆಹರಿಯದೆಯೂ ಉಳಿಯುವ ಸಂಬಂಧವೇ ವಿಶ್ವಾಸ.

2019ರಲ್ಲಿ ನಿವೃತ್ತನಾದ ಮೇಲೆ ಆಗಾಗ ಪರಂಗಿಮಲೈಗೆ, ಅಂದರೆ ಸೇಂಟ್ ಥಾಮಸ್ ಮೌಂಟಿಗೆ ಹೋಗುತ್ತೇನೆ. ಸುಮಾರು ಮುನ್ನೂರು ಅಡಿಯ ಗುಡ್ಡ. ಅರ್ಮೇನಿಯದ ವ್ಯಾಪಾರಿ ಪೆಟ್ರಸ್ ಉಸ್ಕಾನ್ 18ನೆಯ ಶತಮಾನದಲ್ಲಿ ಕಟ್ಟಿಸಿದ ಮೆಟ್ಟಿಲುಗಳನ್ನು ಮೊಣಕಾಲು ನೋವಿನಿಂದಾಗಿ ನಿಧಾನವಾಗಿ ಹತ್ತುತ್ತೇನೆ. ತೋಮ ಕ್ರಿ.ಶ. 52ರಲ್ಲಿ ಮಲಬಾರಿಗೆ ಬಂದು, 72ರಲ್ಲಿ ಈ ಗುಡ್ಡದ ಮೇಲೆ ಕೊಲ್ಲಲ್ಪಟ್ಟನೆಂದು ಪರಂಪರೆ ಹೇಳುತ್ತದೆ. ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಪೋರ್ಚುಗೀಸರು 1547ರಲ್ಲಿ ಅಡಿಪಾಯ ತೋಡುವಾಗ ಸಿಕ್ಕಿತೆನ್ನುವ, ಪಹ್ಲವಿ ಲಿಪಿಯ ಬರಹವಿರುವ ಕಲ್ಲಿನ ಶಿಲುಬೆ ಮೇಲಿನ ದೇವಾಲಯದಲ್ಲಿದೆ. ಪರಂಪರೆಗೆ ನಾನು ಸರ್ಟಿಫಿಕೇಟು ಕೊಡಲಾರೆ. ಆದರೆ ನೋಡದೆ ನಂಬೆನು ಎಂದ ಶಿಷ್ಯನ ಹೆಸರೇ ಈ ಊರಿನ ಗುಡ್ಡಕ್ಕೆ, ದೇವಾಲಯಕ್ಕೆ, ಬೀದಿಗೆ ಇರುವುದು ನನಗೆ ಸಮಾಧಾನ.

ಅದೇ ಗುಡ್ಡದ ಬಳಿ ಇನ್ನೊಂದು ನಡೆದಿದೆ. ವಿಲಿಯಂ ಲ್ಯಾಂಬ್ಟನ್ 1802ರ ಏಪ್ರಿಲ್ 10ರಂದು ಭಾರತದ ಮಹಾ ಸರ್ವೆಯ ಮೊದಲ ಆಧಾರರೇಖೆಯನ್ನು ಸರಪಳಿ ಹಾಕಿ ಅಳೆಯಲು ತೊಡಗಿದ್ದು ಇಲ್ಲಿಂದ. ಏಳೂವರೆ ಮೈಲಿಯ ಆ ರೇಖೆಯಿಂದ ಹೊರಟು, ತ್ರಿಕೋನದ ಮೇಲೆ ತ್ರಿಕೋನ ಜೋಡಿಸುತ್ತ ಅವನ ಅಳತೆ ಹೋಗಿ ಮುಟ್ಟಿದ್ದು ನಮ್ಮ ಮಂಗಳೂರಿನ ಕಡಲನ್ನು. ಮದ್ರಾಸಿನಿಂದ ಮಂಗಳೂರಿಗೆ 400 ಮೈಲಿ ಎಂದು ಹಳೆಯ ನಕ್ಷೆಗಳು ಹೇಳುತ್ತಿದ್ದವು. ಅಳೆದು ನೋಡಿದರೆ 360! ಅಳೆದದ್ದರಿಂದ ಭೂಮಿ ಒಂದು ಮಾರು ಕೂಡ ಕುಗ್ಗಲಿಲ್ಲ. ನಕ್ಷೆ ಮಾತ್ರ ಸರಿಯಾಯಿತು. ನನ್ನ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದರೆ ದೇವರು ಎಲ್ಲಿ ಸಣ್ಣವನಾಗುತ್ತಾನೋ ಎಂದು ಎಷ್ಟೋ ವರ್ಷ ಹೆದರಿದ್ದೆ. ನನ್ನ ಕೈಯಲ್ಲಿದ್ದದ್ದು ನಕ್ಷೆ ಎಂಬುದನ್ನು ಮರೆತಿದ್ದೆ.

ತೋಮನ ವಿಷಯದಲ್ಲಿ ಒಂದು ಸಂಗತಿ ನನಗೆ ತಡವಾಗಿ ಕಂಡಿತು. ಅವನು ಕೇಳಿದ್ದು ಮಹಿಮೆಯನ್ನಲ್ಲ, ಅದ್ಭುತವನ್ನೂ ಅಲ್ಲ. ಮೊಳೆ ಹೊಡೆದ ಗಾಯಗಳನ್ನು ಕೇಳಿದ. ಗಾಯವಿಲ್ಲದ ದೇವರನ್ನು ತಂದು ತೋರಿಸಿದ್ದರೆ ಅವನು ಇವನಲ್ಲ ಎನ್ನುತ್ತಿದ್ದನೇನೋ. ನಾನು ಸಭೆಯಲ್ಲಿ ಸಾಕ್ಷಿ ಹೇಳಿದ ದೇವರು ಒಂದು ಗಾಯವೂ ಇಲ್ಲದವನಾಗಿದ್ದ. ಆ ಶೆಡ್ಡಿನೊಳಗೆ ಮಾತೆಯ ಪಟದ ಕೆಳಗೆ ಕೂತಿದ್ದವಳಿಗೆ ಗೊತ್ತಿದ್ದ ದೇವರು ಬೇರೆ.

ಪ್ರಶ್ನೆ ಬಗೆಹರಿಯಿತೇ ಎಂದು ಕೇಳಿದರೆ, ಇಲ್ಲ. ಆ ಮೊತ್ತ ಇನ್ನೂ ಸಸ್ಪೆನ್ಸ್ ಖಾತೆಯಲ್ಲೇ ಇದೆ. ಬ್ಯಾಂಕಿನಲ್ಲಾಗಿದ್ದರೆ ಇಷ್ಟು ವರ್ಷ ಇಟ್ಟದ್ದಕ್ಕೆ ಇನ್‌ಸ್ಪೆಕ್ಷನ್ನಿನವರು ವರದಿ ಬರೆಯುತ್ತಿದ್ದರು. ನಾನು ಅದನ್ನು ಬೇರೆ ಯಾವ ಲೆಕ್ಕಕ್ಕೂ ತುರುಕಿಲ್ಲ, ಕೈಬಿಟ್ಟೂ ಇಲ್ಲ. ಬೆಳಿಗ್ಗೆ ಎದ್ದು ಅದೇ ಸತ್ಯವೇದ ತೆಗೆಯುತ್ತೇನೆ.

ಅಮ್ಮ 2011ರಲ್ಲಿ ತೀರಿಕೊಂಡರು. ಅವರ ಸತ್ಯವೇದ ಈಗ ನಮ್ಮ ಚೆನ್ನೈ ಮನೆಯಲ್ಲಿದೆ. ಪ್ರತಿ ಡಿಸೆಂಬರ್ 26ರ ಬೆಳಿಗ್ಗೆ ಮೀನುಗಾರರ ಮನೆಯವರು ಸಮುದ್ರಕ್ಕೆ ಹಾಲು ಸುರಿದು ಹೂವು ಹಾಕುತ್ತಾರೆ. ನಾನೂ ಹೋಗಿ ಹಿಂದೆ ನಿಲ್ಲುತ್ತೇನೆ. ಆ ಹೆಂಗಸಿಗೆ ಈಗ ನಡೆಯಲಾಗುವುದಿಲ್ಲ, ಸೊಸೆ ಕೈಹಿಡಿದು ಕರೆತರುತ್ತಾಳೆ. ಅಮ್ಮನ ಸತ್ಯವೇದದ ಆ ಖಾಲಿ ಹಾಳೆಯಲ್ಲಿ, ಅಣ್ಣನ ಹೆಸರಿನ ಕೆಳಗೆ ಅಮ್ಮನ ತಾರೀಕು ಬರೆದ ದಿನವೇ, 26-12-2004 ಎಂದು ಬರೆದು ಆ ಹುಡುಗನ ಹೆಸರನ್ನೂ ಸೇರಿಸಿದೆ. ನಮ್ಮ ಮನೆಯವನಲ್ಲದವನ ಹೆಸರು ಇಲ್ಲಿ ಯಾಕೆ ಎಂದು ಮುಂದೆ ಮೊಮ್ಮಕ್ಕಳು ಕೇಳಬಹುದು. ಕೇಳಲಿ ಎಂದೇ ಬರೆದಿದ್ದೇನೆ.